ನಿಂತ ಗಡಿಯಾರದ ಮನೆಯಲ್ಲಿ ಏಳು ವರ್ಷ



'ಮಂಗಾ' ಎಂಬ ಹೆಸರು ಕೇಳಿದರೆ ನಮ್ಮೂರಿನ ಕಿವಿಗೆ ಮೊದಲು ನಗುವೇ ಬರುತ್ತದೆ. ಜಪಾನೀಯರು ತಮ್ಮ ಚಿತ್ರಕಥೆಗಳಿಗೆ ಇಟ್ಟುಕೊಂಡ ಹೆಸರು ಅದು. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಅದರ ಪರಿಚಯ ಮಾಡಿಸುವ ಅಗತ್ಯವಿಲ್ಲ. ನಮಗೆ ಪರಿಚಯ ಮಾಡಿಸಿದವರೇ ಅವರು. 2008ರಲ್ಲಿ ದುಬೈ ಮಾಲ್‌ನಲ್ಲಿ ಕಿನೊಕುನಿಯ ಎಂಬ ಜಪಾನೀ ಪುಸ್ತಕ ಮಳಿಗೆ ಬಾಗಿಲು ತೆರೆದಂದಿನಿಂದ ಅಲ್ಲಿನ ಮಂಗಾ ಕಪಾಟುಗಳ ಎದುರು ಹೊತ್ತು ಗೊತ್ತಿಲ್ಲದೆ ನಿಂತ ಹುಡುಗ ಹುಡುಗಿಯರನ್ನು ನಾವೆಲ್ಲ ನೋಡಿದ್ದೇವೆ. ಹೊಡೆದಾಟದ, ರಾಕ್ಷಸರ ಕಥೆಗಳೇ ಅಲ್ಲಿ ಹೆಚ್ಚಾಗಿ ಕಣ್ಣಿಗೆ ಬೀಳುವುದು ನಿಜ. ಆದರೆ ಅದೇ ಕಪಾಟಿನಲ್ಲಿ ಇನ್ನೊಂದು ಬಗೆಯ ಕಥೆಗಳೂ ಇವೆ. ಅವುಗಳಲ್ಲಿ ಯಾರೂ ಯಾರನ್ನೂ ಹೊಡೆಯುವುದಿಲ್ಲ. ಇಬ್ಬರು ಒಬ್ಬರನ್ನೊಬ್ಬರು ಪ್ರೀತಿಸುತ್ತಿದ್ದಾರೆ ಎಂಬುದು ಅವರಿಗೇ ಗೊತ್ತಾಗಲು ವರ್ಷಗಳು ಹಿಡಿಯುತ್ತವೆ.

ಈ ನೆಲಕ್ಕೂ ಚಿತ್ರಕಥೆ ಹೊಸದಲ್ಲ. ಅಬುಧಾಬಿಯಿಂದ 'ಮಾಜಿದ್' ಎಂಬ ಮಕ್ಕಳ ವಾರಪತ್ರಿಕೆ 1979ರಲ್ಲಿ ಹೊರಟಿತು. ಪ್ರಸಿದ್ಧ ಅರಬ್ ನಾವಿಕ ಅಹ್ಮದ್ ಇಬ್ನ್ ಮಾಜಿದ್‌ನ ಹೆಸರು ಅದಕ್ಕೆ. 2000ದಲ್ಲಿ ಆರಂಭವಾದ ಸ್ಪೇಸ್‌ಟೂನ್ ವಾಹಿನಿ ಜಪಾನಿನ ಕಾರ್ಟೂನುಗಳನ್ನು ಅರಬಿಯಲ್ಲಿ ಮನೆಮನೆಗೆ ತಂದಿತು. ಪ್ರೇಮದ ದೃಶ್ಯಗಳಿಗೆ ಮಾತ್ರ ಕತ್ತರಿ ಬೀಳುತ್ತಿತ್ತು. 2009ರಲ್ಲಿ ಎಮಿರಾತಿ ಲೇಖಕ ಕೈಸ್ ಸೆದ್ಕಿ ಅವರು ಜಪಾನೀ ಕಲಾವಿದರಿಂದ ಚಿತ್ರ ಬರೆಸಿ 'ಚಿನ್ನದ ಉಂಗುರ' ಎಂಬರ್ಥದ ಹೆಸರಿನ ಅರಬೀ ಮಂಗಾವನ್ನೇ ಹೊರತಂದರು. ಗಿಡುಗ ಸಾಕುವ ಹುಡುಗನ ಕಥೆ. ಮರುವರ್ಷ ಅದಕ್ಕೆ ಶೇಖ್ ಝಾಯೆದ್ ಪುಸ್ತಕ ಪ್ರಶಸ್ತಿಯ ಬಾಲಸಾಹಿತ್ಯ ವಿಭಾಗದ ಗೌರವ ದೊರೆಯಿತು. ಅರಬಿಯೂ ಮಂಗಾವೂ ಬಲದಿಂದ ಎಡಕ್ಕೆ ಓದಿಸಿಕೊಳ್ಳುವುದರಿಂದ ಆ ಎರಡರ ನೆಂಟಸ್ತಿಕೆ ಸುಲಭವಾಗಿಯೇ ಕೂಡಿಬಂತು.

ನಾವು ಈ ಸಂಚಿಕೆಯಲ್ಲಿ ಮಾತಾಡಬೇಕೆಂದಿರುವುದು ಒಂದೇ ಮಂಗಾದ ಬಗ್ಗೆ. ಅದೂ ಕನ್ನಡ ಕಾದಂಬರಿಯ ಚರಿತ್ರೆಯಲ್ಲಿ ಮೊದಲಿನಿಂದ ಬಂದಿರುವ ಒಂದು ಪ್ರಶ್ನೆಯನ್ನು ಪಕ್ಕದಲ್ಲಿಟ್ಟುಕೊಂಡು. ಗಂಡನನ್ನು ಕಳೆದುಕೊಂಡ ಹೆಣ್ಣು ಮತ್ತೆ ಮದುವೆಯಾಗಬಹುದೇ ಎಂಬುದಕ್ಕೆ ಕಾನೂನು ಎಂದೋ ಉತ್ತರ ಕೊಟ್ಟಿದೆ. ಅವಳು ಮತ್ತೆ ಪ್ರೀತಿಸುವುದು ಹೇಗೆ, ಸತ್ತವನನ್ನು ಎಲ್ಲಿ ಇರಿಸಿಕೊಂಡು ಪ್ರೀತಿಸುವುದು ಎಂಬ ಪ್ರಶ್ನೆ ಮಾತ್ರ ಬಹುಕಾಲ ಹಾಗೆಯೇ ಉಳಿಯಿತು.

ಇಕ್ಕೋಕು ಮನೆ

ಕಥೆಯ ಹೆಸರು 'ಮೆಝೋನ್ ಇಕ್ಕೋಕು'. ಬರೆದು ಚಿತ್ರಿಸಿದವರು ರುಮಿಕೊ ತಾಕಾಹಾಶಿ. 1957ರಲ್ಲಿ ನೀಗಾತಾದಲ್ಲಿ ಹುಟ್ಟಿದ ಈಕೆಗೆ ಈ ಕಥೆ ಆರಂಭಿಸಿದಾಗ 23 ವರ್ಷ. 1980ರ ಕೊನೆಯಿಂದ 1987ರವರೆಗೆ 'ಬಿಗ್ ಕಾಮಿಕ್ ಸ್ಪಿರಿಟ್ಸ್' ಎಂಬ ಪತ್ರಿಕೆಯಲ್ಲಿ ಕಂತು ಕಂತಾಗಿ ಬಂತು. ಒಟ್ಟು 161 ಕಂತು, ಆಮೇಲೆ 15 ಪುಸ್ತಕ. ಇಷ್ಟೂ ವರ್ಷ ಇನ್ನೊಂದು ಪತ್ರಿಕೆಗೆ 'ಉರುಸೇ ಯಾತ್ಸುರಾ' ಎಂಬ ಬೇರೊಂದು ಜನಪ್ರಿಯ ಕಥೆಯನ್ನೂ ಅವರು ಬರೆಯುತ್ತಲೇ ಇದ್ದರು.

'ಇಕ್ಕೋಕು' ಎಂದರೆ ಒಂದು ಗಳಿಗೆ. ಟೋಕಿಯೋದ ಅಂಚಿನಲ್ಲಿರುವ ಹಳೆಯ ಮರದ ಬಾಡಿಗೆ ಮನೆಯೊಂದರ ಹೆಸರು ಅದು. ಮನೆಯ ನೆತ್ತಿಯಲ್ಲಿ ಗಡಿಯಾರದ ಗೋಪುರವಿದೆ. ಗಡಿಯಾರ ಕೆಟ್ಟು ನಿಂತಿದೆ. ಒಂದೊಂದು ಕೋಣೆಯಲ್ಲಿ ಒಬ್ಬೊಬ್ಬರು. ಕುಡಿದು ಕುಣಿಯುವ ಗೃಹಿಣಿ, ಗೋಡೆಯ ತೂತಿನಿಂದ ಪಕ್ಕದ ಕೋಣೆಗೆ ಇಣುಕುವ, ಹೊಟ್ಟೆಪಾಡಿಗೆ ಏನು ಮಾಡುತ್ತಾನೆಂದೇ ಯಾರಿಗೂ ಗೊತ್ತಿಲ್ಲದ ಗಂಡಸು, ಬಾರಿನಲ್ಲಿ ದುಡಿಯುವ ಹುಡುಗಿ. ಬೆಂಗಳೂರು ಮೈಸೂರಿನ ವಠಾರಗಳನ್ನು ಕಂಡವರಿಗೆ, ಕರಾಮಾ ಸತ್ವಾಗಳಲ್ಲಿ 'ಬೆಡ್ ಸ್ಪೇಸ್' ಹಿಡಿದು ಬ್ರಹ್ಮಚಾರಿ ದಿನಗಳನ್ನು ಕಳೆದವರಿಗೆ ಈ ಮನೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಒಬ್ಬನಿಗೆ ಊರಿನಿಂದ ಏನು ಬಂತು ಎಂಬುದು ಅವನಿಗಿಂತ ಮೊದಲು ಉಳಿದವರಿಗೆ ತಿಳಿದಿರುತ್ತದೆ.

ಐದನೆಯ ಕೋಣೆಯಲ್ಲಿರುವವನು ಯೂಸಾಕು ಗೊದಾಯ್. ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು ಮತ್ತೆ ಓದುತ್ತಿರುವ ಬಡ ಹುಡುಗ. ನೆರೆಯವರ ಗಲಾಟೆ ತಾಳಲಾರದೆ ಮನೆ ಬಿಟ್ಟು ಹೋಗುತ್ತೇನೆ ಎಂದು ಗಂಟುಮೂಟೆ ಕಟ್ಟಿದ ದಿನವೇ ಆ ಮನೆಯನ್ನು ನೋಡಿಕೊಳ್ಳಲು ಕ್ಯೋಕೊ ಒಟೊನಾಶಿ ಎಂಬ ತರುಣಿ ಬರುತ್ತಾಳೆ. ಹುಡುಗ ಗಂಟು ಬಿಚ್ಚುತ್ತಾನೆ. ಇಷ್ಟರ ಮಟ್ಟಿಗೆ ಇದು ಯಾವ ಸಿನಿಮಾದಲ್ಲಾದರೂ ನಡೆಯುವ ಕಥೆಯೇ. ಆದರೆ ಕ್ಯೋಕೊ ವಿಧವೆ. ತನ್ನ ಶಾಲೆಯ ಮೇಷ್ಟರನ್ನೇ ಮೆಚ್ಚಿ, ಹೆತ್ತವರ ವಿರೋಧ ಕಟ್ಟಿಕೊಂಡು ಮದುವೆಯಾದವಳು. ಮದುವೆಯಾಗಿ ಒಂದು ವರ್ಷವೂ ತುಂಬದೆ ಆತ ತೀರಿಕೊಂಡ. ಅವನ ಹೆಸರು ಸೊಇಚಿರೊ. ಕ್ಯೋಕೊ ತನ್ನ ಜೊತೆ ತಂದಿರುವ ಬಿಳಿಯ ನಾಯಿಯ ಹೆಸರೂ ಸೊಇಚಿರೊ.

ಗಂಡನ ಹೆಸರನ್ನು ಬಾಯಿ ಬಿಟ್ಟು ಹೇಳದ ಅಜ್ಜಿಯರ ಮನೆಗಳಿಂದ ಬಂದ ನಮಗೆ ಈ ನಾಯಿಯ ಹೆಸರು ವಿಶೇಷವಾಗಿ ತಟ್ಟುತ್ತದೆ. ದಿನಕ್ಕೆ ಹತ್ತು ಸಲ ಅಂಗಳದಲ್ಲಿ ನಿಂತು ಆಕೆ ಸತ್ತ ಗಂಡನ ಹೆಸರನ್ನು ಗಟ್ಟಿಯಾಗಿ ಕೂಗುತ್ತಾಳೆ. ಓದುಗ ಮೊದಮೊದಲು ನಗುತ್ತಾನೆ. ಕಂತುಗಳು ಕಳೆದಂತೆ ನಗು ಕಡಿಮೆಯಾಗುತ್ತದೆ. ಗೊದಾಯ್‌ಗೆ ಎದುರಾಳಿಯಾಗಿ ಮಿತಾಕ ಎಂಬ ಟೆನಿಸ್ ಕೋಚ್ ಬರುತ್ತಾನೆ. ರೂಪ, ಹಣ, ಮನೆತನ ಎಲ್ಲ ಇರುವವನು. ಅವನಿಗೆ ನಾಯಿ ಕಂಡರೆ ಭಯ! ಇದೂ ನಗುವ ಸಂಗತಿಯೇ. ಆದರೆ ಸೊಇಚಿರೊ ಎಂಬ ಹೆಸರಿನ ಪ್ರಾಣಿಯನ್ನು ಮುಟ್ಟಲಾಗದವನು ಕ್ಯೋಕೊಳ ಬಾಗಿಲು ದಾಟುವುದು ಹೇಗೆ? ಅಳುವಿನ ಮಾತನ್ನು ನಗುವಿನಲ್ಲಿ ಸುತ್ತಿ ಕೊಡುವುದು ತಾಕಾಹಾಶಿಯವರ ಕೈಗುಣ.

1899ರ ಇಂದಿರಾಬಾಯಿ

ಈಗ ನಮ್ಮ ಮಂಗಳೂರಿಗೆ ಬರೋಣ. ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ ಎನಿಸಿದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ ಅಲ್ಲಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಯಿತು. 'ಸದ್ಧರ್ಮ ವಿಜಯ' ಎಂದು ಅದಕ್ಕೆ ಇನ್ನೊಂದು ಹೆಸರು. ಪೊಲೀಸ್ ಇಲಾಖೆಯಲ್ಲಿ ದುಡಿದ ರಾಯರು ಕಪಟ ಸಂತರನ್ನೂ ಲಂಚಕೋರರನ್ನೂ ಹತ್ತಿರದಿಂದ ಬಲ್ಲವರು. ಕಥೆಯ ನಾಯಕಿ ಇಂದಿರೆ ಎಳೆಯ ವಯಸ್ಸಿನಲ್ಲೇ ವಿಧವೆಯಾಗುತ್ತಾಳೆ. ತಂದೆತಾಯಿಗಳು ಅವಳನ್ನು ಸಂತರೆನಿಸಿಕೊಂಡವರ ಸೇವೆಗೆ ಒಪ್ಪಿಸಲು ಹೊರಡುತ್ತಾರೆ. ಅವಳು ಮನೆ ಬಿಟ್ಟು ಅಮೃತರಾಯರೆಂಬ ಉದಾರಿಗಳ ಆಶ್ರಯಕ್ಕೆ ಬರುತ್ತಾಳೆ, ಓದುತ್ತಾಳೆ, ಕೊನೆಗೆ ಇಂಗ್ಲೆಂಡಿನಲ್ಲಿ ಓದಿ ಅಧಿಕಾರಿಯಾಗಿ ಮರಳಿದ ಭಾಸ್ಕರರಾಯನನ್ನು ಮದುವೆಯಾಗುತ್ತಾಳೆ.

ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಹಿಂದೂ ವಿಧವೆಯರ ಪುನರ್ವಿವಾಹ ಕಾಯಿದೆ 1856ರಲ್ಲೇ ಬಂದಿತ್ತು. ಆದರೆ ಕಾಯಿದೆಯ ಬಲದಿಂದ ಮದುವೆಯಾಗುವವರು ಬೆರಳೆಣಿಕೆಯಷ್ಟು ಮಂದಿ. ಪಕ್ಕದ ತೆಲುಗು ನಾಡಿನಲ್ಲಿ ಕಂದುಕೂರಿ ವೀರೇಶಲಿಂಗಂ ಅವರು ರಾಜಮಹೇಂದ್ರಿಯಲ್ಲಿ ವಿಧವಾ ವಿವಾಹ ನಡೆಸಿದ್ದು 1881ರಲ್ಲಿ. ಮಂಗಳೂರಿನಲ್ಲಿ ಬ್ರಹ್ಮ ಸಮಾಜದ ಗಾಳಿ 1870ರಿಂದ ಬೀಸತೊಡಗಿತ್ತು. ಈ ಹಿನ್ನೆಲೆಯಲ್ಲಿ ರಾಯರ ಕಾದಂಬರಿ ಒಂದು ವಾದದಂತೆ ಎದ್ದು ನಿಂತಿತು. ವಾದಕ್ಕೆ ವೇಗ ಬೇಕು. ಇಂದಿರೆಯ ಮೊದಲ ಗಂಡ ಓದುಗನ ಮನಸ್ಸಿನಲ್ಲಿ ನಿಲ್ಲುವುದೇ ಇಲ್ಲ. ಅವನು ಬದುಕಿದ್ದು ಅವಳು ವಿಧವೆಯಾಗಲಿ ಎಂಬುದಕ್ಕಷ್ಟೇ ಎನಿಸುತ್ತದೆ. ಬಾಲ್ಯವಿವಾಹದ ಕಾಲದಲ್ಲಿ ಅದು ಸತ್ಯವೂ ಹೌದು. ಮುಖವನ್ನೇ ಸರಿಯಾಗಿ ನೋಡದ ಗಂಡನಿಗಾಗಿ ಆ ಹುಡುಗಿ ಏನೆಂದು ದುಃಖಿಸಬೇಕು?

ಇಲ್ಲೊಂದು ಕಾಕತಾಳೀಯವಿದೆ. 'ಇಂದಿರಾಬಾಯಿ' ಬರುವುದಕ್ಕೆ ಒಂದು ವರ್ಷ ಮುಂಚೆ, 1898ರಲ್ಲಿ, ಜಪಾನಿನ ಹೊಸ ಸಿವಿಲ್ ಸಂಹಿತೆ ಜಾರಿಗೆ ಬಂತು. ಗಂಡ ಸತ್ತ ಅಥವಾ ವಿಚ್ಛೇದನವಾದ ಹೆಣ್ಣು ಆರು ತಿಂಗಳು ಕಳೆಯುವವರೆಗೆ ಮರುಮದುವೆಯಾಗುವಂತಿಲ್ಲ ಎಂದು ಅದು ವಿಧಿಸಿತು. ಹುಟ್ಟಲಿರುವ ಮಗುವಿನ ತಂದೆ ಯಾರೆಂಬ ತಕರಾರು ಬಾರದಿರಲಿ ಎಂಬುದು ಉದ್ದೇಶ. 2016ರಲ್ಲಿ ಆ ಅವಧಿ ನೂರು ದಿನಕ್ಕಿಳಿದು, 2024ರ ಏಪ್ರಿಲ್‌ನಲ್ಲಿ ಪೂರ್ತಿ ರದ್ದಾಯಿತು. ಕ್ಯೋಕೊ ಗಂಡನನ್ನು ಕಳೆದುಕೊಂಡ ಕಾಲಕ್ಕೆ ಕಾನೂನು ಅವಳನ್ನು ತಡೆಯುತ್ತಿದ್ದುದು ಆರೇ ತಿಂಗಳು. ಅವಳ ಮನಸ್ಸು ತೆಗೆದುಕೊಂಡದ್ದು ಅದರ ಹತ್ತು ಪಟ್ಟಿಗೂ ಹೆಚ್ಚು.

ಕಾತ್ಯಾಯನಿ ಮತ್ತು ಫಣಿಯಮ್ಮ

1899ರಿಂದ 1965ಕ್ಕೆ ಬಂದರೆ ಎಸ್.ಎಲ್. ಭೈರಪ್ಪನವರ 'ವಂಶವೃಕ್ಷ' ಎದುರಾಗುತ್ತದೆ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳ ಮಗ ಕಪಿಲೆಯ ಪಾಲಾಗುತ್ತಾನೆ. ಅವನ ಹೆಂಡತಿ ಕಾತ್ಯಾಯನಿ ಕೈಗೂಸಿನೊಡನೆ ಅತ್ತೆಮಾವಂದಿರ ಮನೆಯಲ್ಲಿ ಉಳಿಯುತ್ತಾಳೆ. ಮಾವನ ಒಪ್ಪಿಗೆ ಪಡೆದು ಮೈಸೂರಿನ ಕಾಲೇಜಿಗೆ ಓದಲು ಹೋಗುತ್ತಾಳೆ. ಅಲ್ಲಿ ಅಧ್ಯಾಪಕ ರಾಜನ ಪರಿಚಯ, ಪ್ರೀತಿ, ಮದುವೆ. ಮಗ ಚೀನಿಯನ್ನು ಕರೆದುಕೊಂಡು ಹೋಗಲು ಅವಳಿಂದಾಗುವುದಿಲ್ಲ. ವಂಶದ ಕುಡಿ ಮಾವನ ಮನೆಯಲ್ಲೇ ಉಳಿಯುತ್ತದೆ. ಹೊಸ ದಾಂಪತ್ಯದಲ್ಲಿ ಗರ್ಭ ನಿಲ್ಲುವುದಿಲ್ಲ. ಮೈಯೂ ಮನಸ್ಸೂ ಸವೆದು ಕಾತ್ಯಾಯನಿ ಸಾಯುತ್ತಾಳೆ.

ಈ ಕಾದಂಬರಿಯ ಬಗ್ಗೆ ಜಗಳವಾಡದ ಕನ್ನಡ ಓದುಗರ ಕೂಟವೇ ಇಲ್ಲ ಎಂದರೆ ತಪ್ಪಾಗಲಾರದು. ಮರುಮದುವೆಯಾದವಳನ್ನು ಲೇಖಕರು ಶಿಕ್ಷಿಸಿದರೇ ಎಂದು ಒಂದು ಪಕ್ಷ; ಅವಳ ಒಳಗಿನ ತೊಳಲಾಟವನ್ನು ಇಷ್ಟು ಹತ್ತಿರದಿಂದ ಬೇರೆ ಯಾರು ಬರೆದರು ಎಂದು ಇನ್ನೊಂದು ಪಕ್ಷ. ನಾವು ಇಲ್ಲಿ ಒಂದು ಅಂಶವನ್ನು ಮಾತ್ರ ಗಮನಿಸುತ್ತೇವೆ. ಕಾತ್ಯಾಯನಿಗೆ ಎರಡೇ ಮನೆಗಳು. ಒಂದರಲ್ಲಿ ಸತ್ತ ಗಂಡ, ಮಗ, ಮಾವ. ಇನ್ನೊಂದರಲ್ಲಿ ಬದುಕಿರುವ ಗಂಡ. ನಡುವೆ ರೈಲು ಓಡುತ್ತದೆ, ಆದರೆ ಅವಳು ಎರಡೂ ಕಡೆ ಇರಲಾರಳು. 1856ರ ಕಾಯಿದೆಯ ಒಳಗೂ ಇದೇ ಗೋಡೆ ಇತ್ತು. ಮರುಮದುವೆಯಾದ ವಿಧವೆ ಸತ್ತ ಗಂಡನ ಆಸ್ತಿಯ ಮೇಲಿನ ಹಕ್ಕು ಕಳೆದುಕೊಳ್ಳುತ್ತಾಳೆ, ಮಕ್ಕಳಿಗೆ ಬೇರೆ ಪೋಷಕರನ್ನು ನೇಮಿಸುವಂತೆ ಗಂಡನ ಕಡೆಯವರು ಕೋರ್ಟಿಗೆ ಹೋಗಬಹುದು ಎಂದು ಅದು ಹೇಳುತ್ತಿತ್ತು. ಮುಂದಕ್ಕೆ ಹೋಗು, ಆದರೆ ಹಿಂದಿನದನ್ನು ಬಿಟ್ಟು ಹೋಗು ಎಂಬುದು ಅದರ ಸಾರ.

ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' 1976ರದು. ಬಾಲ್ಯದಲ್ಲೇ ಗಂಡ ಸತ್ತು, ಪ್ರಾಯಕ್ಕೆ ಬಂದೊಡನೆ ತಲೆ ಬೋಳಿಸಿಕೊಂಡು, ಮಲೆನಾಡಿನ ಮನೆಗಳಲ್ಲಿ ದುಡಿಯುತ್ತ ನೂರು ವರ್ಷ ಮೀರಿ ಬದುಕಿದವಳ ಕಥೆ. ಅವಳ ಬದುಕಿನಲ್ಲಿ ಎರಡನೆಯ ಪ್ರೀತಿಯ ಮಾತಿರಲಿ, ಮೊದಲನೆಯದೂ ಇಲ್ಲ. ಆದರೆ ದಾಕ್ಷಾಯಿಣಿ ಎಂಬ ಎಳೆಯ ವಿಧವೆ ತಾನು ಕೂದಲು ತೆಗೆಸುವುದಿಲ್ಲ ಎಂದು ಹಟ ಹಿಡಿದಾಗ ಅವಳ ಪರ ನಿಲ್ಲುವವಳು ಈ ಮಡಿ ಮುದುಕಿಯೇ. ತನಗೆ ಸಿಗದ ಕಾಲವನ್ನು ಇನ್ನೊಬ್ಬಳಿಗೆ ಕೊಡಿಸುವ ಆ ಗಳಿಗೆ ನಮ್ಮ ಸಾಹಿತ್ಯದ ದೊಡ್ಡ ಗಳಿಗೆಗಳಲ್ಲೊಂದು.

ಹೀಗೆ ಇಂದಿರೆಗೆ ಮದುವೆ ಸಿಕ್ಕಿತು, ಕಾತ್ಯಾಯನಿಗೆ ಪ್ರೀತಿಯೂ ಸಿಕ್ಕಿತು. ಸತ್ತವನನ್ನು ಜೊತೆಗಿರಿಸಿಕೊಂಡೇ ಬದುಕಿರುವವನ ಕೈ ಹಿಡಿಯಲು ಬೇಕಾದ ಬಿಡುವು ಇಬ್ಬರಿಗೂ ಸಿಗಲಿಲ್ಲ.

ಕಂತುಗಳ ಕಾಲ

ಆ ಬಿಡುವನ್ನು 'ಮೆಝೋನ್ ಇಕ್ಕೋಕು' ಹೇಗೆ ಕೊಟ್ಟಿತು? ಉತ್ತರದ ಅರ್ಧ ಭಾಗ ಪತ್ರಿಕೆಯಲ್ಲಿದೆ. 'ಬಿಗ್ ಕಾಮಿಕ್ ಸ್ಪಿರಿಟ್ಸ್' 1980ರಲ್ಲಿ ಮಾಸಿಕವಾಗಿ ಹುಟ್ಟಿ, 1981ರಲ್ಲಿ ತಿಂಗಳಿಗೆರಡು ಸಲ ಬರತೊಡಗಿ, 1986ರಲ್ಲಿ ವಾರಪತ್ರಿಕೆಯಾಯಿತು. ಅದರ ಓದುಗರು ಮಕ್ಕಳಲ್ಲ. ಕಾಲೇಜು ಮುಗಿಸಿ ಕೆಲಸ ಹುಡುಕುವ, ರೈಲಿನಲ್ಲಿ ಆಫೀಸಿಗೆ ಹೋಗುವ ತರುಣರು. ತಾಕಾಹಾಶಿ ತಮ್ಮ ಪಾತ್ರಗಳಿಗೂ ಓದುಗರಷ್ಟೇ ವಯಸ್ಸಾಗಲು ಬಿಟ್ಟರು. ಹೊರಗೆ ಮಳೆಗಾಲವಾದರೆ ಕಥೆಯಲ್ಲೂ ಮಳೆ. ಹೊರಗೆ ಚೆರ್ರಿ ಹೂವಾದರೆ ಕಥೆಯಲ್ಲೂ ಹೂವು. ಗೊದಾಯ್ ಕಾಲೇಜು ಸೇರುತ್ತಾನೆ, ಮುಗಿಸುತ್ತಾನೆ, ಕೆಲಸ ಸಿಗದೆ ಅಲೆಯುತ್ತಾನೆ, ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಳ್ಳುವುದೇ ತನ್ನ ಹಣೆಬರಹ ಎಂದು ಕಂಡುಕೊಳ್ಳುತ್ತಾನೆ. ಆರಂಭದ ಕಂತುಗಳ ಪೆದ್ದ ಹುಡುಗ ಗಂಡಸಾಗುವುದು ಓದುಗನ ಕಣ್ಣೆದುರೇ, ಆದರೆ ಯಾವ ಕಂತಿನಲ್ಲಿ ಎಂದು ಬೆರಳಿಟ್ಟು ತೋರಿಸಲಾಗದಂತೆ.

ನಮಗೂ ಇದು ಗೊತ್ತಿದ್ದ ರುಚಿಯೇ. 1965ರಲ್ಲಿ 'ಸುಧಾ', 1983ರಲ್ಲಿ ಮಣಿಪಾಲದಿಂದ 'ತರಂಗ' ಹೊರಟ ಮೇಲೆ ಧಾರಾವಾಹಿ ಎಂಬುದು ಕನ್ನಡ ಮನೆಗಳ ವಾರದ ಲೆಕ್ಕವೇ ಆಯಿತು. ಕೊಲ್ಲಿಗೆ ಬಂದವರಿಗೆ ಆ ಕಂತುಗಳು ತಲುಪುತ್ತಿದ್ದುದು ಊರಿನಿಂದ ಬಂದವರ ಪೆಟ್ಟಿಗೆಯಲ್ಲಿ, ಉಪ್ಪಿನಕಾಯಿ ಭರಣಿಯ ಸುತ್ತ ಸುತ್ತಿಕೊಂಡು, ನಡುವಿನ ಎರಡು ವಾರ ತಪ್ಪಿಹೋಗಿ. ತಪ್ಪಿದ ಎರಡು ವಾರದಲ್ಲಿ ಏನಾಗಿರಬಹುದು ಎಂದು ಕೂತು ಕಟ್ಟಿಕೊಂಡ ಕಥೆ ಕೆಲವೊಮ್ಮೆ ಅಚ್ಚಾದುದಕ್ಕಿಂತ ಚೆನ್ನಾಗಿರುತ್ತಿತ್ತು. ಕಾಯುವ ಓದುಗ ಸುಮ್ಮನೆ ಕಾಯುವುದಿಲ್ಲ. ಆ ಪಾತ್ರಗಳ ಜೊತೆ ಅಡುಗೆ ಮಾಡುತ್ತಾನೆ, ಬಸ್ಸಿನಲ್ಲಿ ಹೋಗುತ್ತಾನೆ. ಕಂತು ಮತ್ತು ಕಂತುಗಳ ನಡುವಿನ ಆ ಬಿಡುವಿನಲ್ಲೇ ಪ್ರೀತಿಗೆ ಆಳ ಬರುವುದು ಎಂಬುದು ನಮ್ಮ ಅಭಿಪ್ರಾಯ.

ಉತ್ತರದ ಇನ್ನರ್ಧ ತಾಕಾಹಾಶಿಯವರ ಒಂದು ಜಾಣ ನಿರ್ಧಾರದಲ್ಲಿದೆ. 161 ಕಂತುಗಳಲ್ಲಿ ಒಮ್ಮೆಯೂ ಅವರು ಸತ್ತ ಗಂಡನ ಮುಖವನ್ನು ತೋರಿಸುವುದಿಲ್ಲ. ಫೋಟೋ ಬಂದರೆ ಮುಖದ ಮೇಲೆ ನೆರಳು ಬಿದ್ದಿರುತ್ತದೆ ಅಥವಾ ಇನ್ನೇನಾದರೂ ಅಡ್ಡ ಬರುತ್ತದೆ. ಗೊದಾಯ್ ತಾನು ಯಾರೊಡನೆ ಸ್ಪರ್ಧಿಸುತ್ತಿದ್ದೇನೆ ಎಂದು ನೋಡಲು ಪರದಾಡುತ್ತಾನೆ. ಓದುಗನೂ ಅವನ ಜೊತೆ ಕತ್ತು ಚಾಚುತ್ತಾನೆ. ಕಾಣದ ಮುಖದೊಡನೆ ಹೋಲಿಸಿಕೊಳ್ಳುವುದು ಸಾಧ್ಯವಿಲ್ಲ. ಅವನಿಗಿಂತ ಚೆನ್ನಾಗಿರಲೂ ಆಗದು, ಅವನಂತೆ ಆಗಲೂ ಆಗದು.

ಕ್ಯೋಕೊಳ ಸಂಕಟವೂ ಹಾಗೆಯೇ ಮೆಲ್ಲಗೆ ತೆರೆದುಕೊಳ್ಳುತ್ತದೆ. ಪ್ರತಿವರ್ಷ ಗಂಡನ ಸಮಾಧಿಗೆ ಹೋಗುತ್ತಾಳೆ. ಮಾವ, ಆ ಮನೆಯ ಮಾಲೀಕ, ಅವಳ ಮೇಲೆ ಸಿಟ್ಟಾಗುವುದಿಲ್ಲ. ನಮ್ಮ ಮನೆತನದ ಹೆಸರನ್ನು ಬಿಟ್ಟು ಹೊಸದಾಗಿ ಬದುಕು ಕಟ್ಟಿಕೋ ತಾಯಿ ಎಂದು ಅವನೇ ಹೇಳುತ್ತಾನೆ. ಹೆತ್ತವರೂ ಒತ್ತಾಯಿಸುತ್ತಾರೆ. ಶ್ರೋತ್ರಿಗಳ ಮನೆಗೆ ಹೋಲಿಸಿದರೆ ಅವಳಿಗೆ ಯಾವ ಬೇಲಿಯೂ ಇಲ್ಲ. ಬೇಲಿ ಒಳಗಿದೆ. ತಾನು ಇನ್ನೊಬ್ಬನನ್ನು ಪ್ರೀತಿಸಿದರೆ ಮೊದಲಿನ ಪ್ರೀತಿ ಸುಳ್ಳಾಗುತ್ತದೆಯೇ ಎಂಬ ಭಯ ಅದು. ಬೋಧನಾ ತರಬೇತಿಗೆ ಹೋದ ಗೊದಾಯ್‌ನನ್ನು ಯಾಗಾಮಿ ಎಂಬ ಶಾಲಾ ಹುಡುಗಿ ಮೆಚ್ಚಿ ಬೆನ್ನು ಹತ್ತಿದಾಗ ಕ್ಯೋಕೊ ಸಿಡಿಮಿಡಿಗೊಳ್ಳುತ್ತಾಳೆ. ಆ ಹುಡುಗಿಯಲ್ಲಿ ಅವಳಿಗೆ ಕಾಣುವುದು ಮೇಷ್ಟರನ್ನು ಮೆಚ್ಚಿದ ತಾನೇ.

ಕೊನೆಗೂ ಗಂಟು ಬಿಚ್ಚಿಕೊಳ್ಳುವುದು ಸಮಾಧಿಯ ಎದುರು. ಮದುವೆ ನಿಶ್ಚಯವಾದ ಮೇಲೆ ಗೊದಾಯ್ ಒಬ್ಬನೇ ಅಲ್ಲಿಗೆ ಹೋಗಿ ಸೊಇಚಿರೊವಿನೊಡನೆ ಮಾತಾಡುತ್ತಾನೆ. ನೀನು ಅವಳೊಳಗೆ ಇದ್ದೀಯ, ಆದ್ದರಿಂದ ಅವಳನ್ನು ನಿನ್ನ ಸಮೇತ ಬರಮಾಡಿಕೊಳ್ಳುತ್ತೇನೆ ಎಂಬುದು ಅವನ ಮಾತಿನ ತಾತ್ಪರ್ಯ. ಕ್ಯೋಕೊ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಾಳೆ. ಮದುವೆಗೆ ಅವಳು ಹಾಕಿದ ಷರತ್ತು ಒಂದೇ: ತನಗಿಂತ ಮೊದಲು ಅವನು ಸಾಯಬಾರದು. ಇಷ್ಟು ಸಣ್ಣ ಮಾತುಗಳು ಇಷ್ಟು ಭಾರವಾಗಿ ಬೀಳುವುದಕ್ಕೆ ಹಿಂದಿನ ಆರೂವರೆ ವರ್ಷ ಬೇಕಾಯಿತು. ಮೊದಲ ವರ್ಷದಲ್ಲೇ ಗೊದಾಯ್ ಆ ಮಾತು ಹೇಳಿದ್ದರೆ ಅದು ಬರೀ ಸಿನಿಮಾ ಸಂಭಾಷಣೆಯಾಗುತ್ತಿತ್ತು.

ಕಥೆಯಲ್ಲಿ ಕೊರತೆ ಇಲ್ಲವೆಂದಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಪ್ಪಾಗಿ ಕೇಳಿಸಿಕೊಳ್ಳುವ ಆಟ ನಡುವಿನ ಪುಸ್ತಕಗಳಲ್ಲಿ ಮಿತಿ ಮೀರುತ್ತದೆ. ಗೊದಾಯ್‌ನನ್ನು ನಂಬಿಕೊಂಡಿದ್ದ ಕೊಝುಯೆ ಎಂಬ ಸರಳ ಹುಡುಗಿಗೆ ಅವನು ಇಲ್ಲ ಎಂದು ಹೇಳಲು ವರ್ಷಗಟ್ಟಲೆ ಹಿಂಜರಿಯುತ್ತಾನೆ; ಅವಳಿಗಾದ ಅನ್ಯಾಯವನ್ನು ಕಥೆ ಹಗುರವಾಗಿ ದಾಟಿಸುತ್ತದೆ. ನಿಧಾನ ಎಂಬುದು ಎಲ್ಲರಿಗೂ ಒಳ್ಳೆಯದನ್ನೇ ಮಾಡುವುದಿಲ್ಲ.

ಕಾಯುವವರು ಯಾರು?

ಈ ಮಾತು ನಮ್ಮ ಕೊಲ್ಲಿಯ ಬದುಕಿಗೂ ಸಲ್ಲುತ್ತದೆ. ಎಣ್ಣೆ ಸಿಗುವ ಮೊದಲು ಈ ತೀರದ ಗಂಡಸರು ಬೇಸಿಗೆಯಲ್ಲಿ ಸುಮಾರು ನಾಲ್ಕು ತಿಂಗಳು ಮುತ್ತು ತೆಗೆಯಲು ಕಡಲಿಗೆ ಹೋಗುತ್ತಿದ್ದರು. ಹೆಂಗಸರು ದಡದಲ್ಲಿ ಕಾಯುತ್ತಿದ್ದರು. ಜಪಾನಿನ ಕೃಷಿ ಮುತ್ತುಗಳು ಮಾರುಕಟ್ಟೆಗೆ ಬಂದು, 1930ರ ಸುಮಾರಿಗೆ ಜಗತ್ತಿನ ಆರ್ಥಿಕ ಕುಸಿತವೂ ಸೇರಿ ಆ ವೃತ್ತಿ ನೆಲಕಚ್ಚಿತು. ಆಮೇಲೆ ಎಣ್ಣೆ ಬಂತು, ನಾವು ಬಂದೆವು. ಕಾಯುವ ದಡ ಮಾತ್ರ ಬದಲಾಯಿತು. ಈಗ ಕಾಯುವವರು ಉಡುಪಿಯಲ್ಲಿ, ಬಂಟ್ವಾಳದಲ್ಲಿ, ಕಾಸರಗೋಡಿನಲ್ಲಿ, ಭಟ್ಕಳದಲ್ಲಿ ಇದ್ದರು. ಮನೆ ಬಾಗಿಲಿಗೆ ಅಂಚೆಯವನು ಬಾರದ ಈ ದೇಶದಲ್ಲಿ ಕಂಪೆನಿಯ ಪೋಸ್ಟ್ ಬಾಕ್ಸ್‌ಗೆ ಬಂದ ಕಾಗದವನ್ನು ಶುಕ್ರವಾರದ ರಜೆಗೆಂದು ಎತ್ತಿಟ್ಟುಕೊಂಡು ಓದಿದ ಹಿರಿಯರು ನಮ್ಮ ನಡುವೆ ಇದ್ದಾರೆ. ಎರಡು ವರ್ಷಕ್ಕೊಮ್ಮೆ ಊರಿಗೆ ಹೋದಾಗ ಹೆಂಡತಿ ಹೊಸಬಳಂತೆ, ಮಗು ಅಪರಿಚಿತನಂತೆ. ಪ್ರತಿ ರಜೆಯೂ ಒಂದು ಕಂತು.

ಮಲಯಾಳದಲ್ಲಿ ಎಸ್.ಎ. ಜಮೀಲ್ ಅವರ 'ದುಬೈ ಕತ್ತ್ ಪಾಟ್ಟ್' 1977ರಲ್ಲಿ ಬಂದು ಕೊಲ್ಲಿಯ ಶಿಬಿರಗಳಲ್ಲೆಲ್ಲ ಹರಡಿತು. ದುಬೈಯಲ್ಲಿರುವ ಗಂಡನಿಗೆ ಹೆಂಡತಿ ಬರೆದ ಕಾಗದದ ರೂಪದ ಹಾಡು ಅದು. ಅದನ್ನು ಕೇಳಿದ ಗಂಡಸರು ಅತ್ತರೆಂಬುದು ಅಲ್ಲಿಯ ಜನಜನಿತ ಮಾತು. ಕನ್ನಡದಲ್ಲಿ ನಮಗೆ ಅಂಥದೊಂದು ಹಾಡು ಹಾಗೆ ಮನೆಮಾತಾಗಲಿಲ್ಲ, ಕಾಯುವಿಕೆ ಮಾತ್ರ ಅಷ್ಟೇ ಇತ್ತು. ಮಂಗಾದಲ್ಲಿ ಏಳು ವರ್ಷ ಕಾದವನು ಗಂಡಸು ಎಂಬುದನ್ನು ನಮ್ಮ ಮನೆಯ ಹೆಂಗಸರು ಓದಿದರೆ ನಕ್ಕಾರು.

ಇನ್ನು ಕಾದದ್ದು ಬಾರದೇ ಹೋದ ದಿನವೂ ನಮ್ಮ ಚರಿತ್ರೆಯಲ್ಲಿದೆ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಹೊರಟ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ಇಳಿಯುವಾಗ ಕಣಿವೆಗೆ ಉರುಳಿತು. 158 ಜನ ತೀರಿಕೊಂಡರು, ಎಂಟು ಜನ ಉಳಿದರು. ಕರಾವಳಿಯ ಎಷ್ಟೋ ಮನೆಗಳಲ್ಲಿ ಎಳೆಯ ಹೆಂಗಸರು ಒಂದೇ ಮುಂಜಾನೆ ಗಂಡನನ್ನು ಕಳೆದುಕೊಂಡರು. ಯಾರ ಮನೆಯ ಕಥೆಯನ್ನೂ ಇಲ್ಲಿ ಹೇಳುವುದು ನಮಗೆ ತರವಲ್ಲ. ಆದರೆ ಸಮುದಾಯವಾಗಿ ನಾವು ಇಂಥ ಹೊತ್ತಿನಲ್ಲಿ ಏನು ಮಾಡುತ್ತೇವೆ ಎಂದು ಕೇಳಿಕೊಳ್ಳಬಹುದು. ಒಂದೋ, ವರ್ಷ ತುಂಬುವ ಮೊದಲೇ ಅವಳಿಗೊಂದು ದಾರಿ ಮಾಡಿ ಕೈತೊಳೆದುಕೊಳ್ಳಬೇಕೆಂದು ಅವಸರ ಪಡುತ್ತೇವೆ. ಇಲ್ಲವೇ, ಮಕ್ಕಳ ಮುಖ ನೋಡಿಕೊಂಡು ಇದ್ದುಬಿಡಲಿ ಎಂದು ಆ ಮಾತನ್ನೇ ಎತ್ತದೆ ಬಾಗಿಲು ಹಾಕುತ್ತೇವೆ. ಮೊದಲನೆಯದು ಇಂದಿರಾಬಾಯಿಯ ದಾರಿ, ಎರಡನೆಯದು ಫಣಿಯಮ್ಮನ ಮೇಲೆ ಹೇರಿದ ದಾರಿ. ಎರಡರಲ್ಲೂ ಅವಳ ಗಡಿಯಾರಕ್ಕೆ ಕೀಲಿ ಕೊಡುವವರು ನಾವೇ.

ಇಕ್ಕೋಕು ಮನೆಯವರು ಗಲಾಟೆಯ ಜನ, ಕುಡುಕರು, ಕದ್ದು ಕೇಳುವವರು. ಆದರೂ ಅವರು ಆ ತರುಣಿಗೆ ಒಂದು ಉಪಕಾರ ಮಾಡಿದರು: ಅವಳ ಸುತ್ತ ಬದುಕನ್ನು ನಡೆಸುತ್ತಾ ಇದ್ದರು. ಸತ್ತವನ ಹೆಸರನ್ನು ಅಂಗಳದಲ್ಲಿ ಕೂಗಲು ಬಿಟ್ಟರು. ಮಾವ ಬಾಗಿಲು ತೆರೆದಿಟ್ಟ, ತಳ್ಳಲಿಲ್ಲ. ಮೆಚ್ಚಿದ ಹುಡುಗ ಕಾದ, ಆ ಕಾಯುವಿಕೆಯಲ್ಲೇ ಮನುಷ್ಯನಾದ. ಕಥೆಯ ಕೊನೆಯಲ್ಲಿ ಗಂಡ ಹೆಂಡಿರು ಹಸುಗೂಸನ್ನು ಎತ್ತಿಕೊಂಡು ಅದೇ ಹಳೆಯ ಮನೆಗೆ ಮರಳುತ್ತಾರೆ. ಬಾಗಿಲಲ್ಲಿ ಸೊಇಚಿರೊ ಇದೆ. ಕಾತ್ಯಾಯನಿಗೆ ಸಿಗದ ಮನೆ ಅದು, ಸತ್ತವನೂ ಬದುಕಿರುವವನೂ ಮಗುವೂ ಒಂದೇ ಸೂರಿನಡಿ ಇರುವ ಮನೆ.

ಓದಲು ಇಚ್ಛಿಸುವವರಿಗೆ: ಇಂಗ್ಲಿಷಿನಲ್ಲಿ ವಿಜ್ ಸಂಸ್ಥೆ 2020ರಿಂದ ಇದನ್ನು ಹತ್ತು ದಪ್ಪ ಸಂಪುಟಗಳಲ್ಲಿ ಮರುಮುದ್ರಿಸಿದೆ. ಬಲದಿಂದ ಎಡಕ್ಕೆ ಓದುವ ಅಭ್ಯಾಸ ಹತ್ತು ಪುಟದಲ್ಲಿ ಕೈಗೂಡುತ್ತದೆ. ಆದರೆ ಹತ್ತನ್ನೂ ಒಂದೇ ವಾರಾಂತ್ಯದಲ್ಲಿ ಮುಗಿಸಬೇಡಿರೆಂದು ನಮ್ಮ ಸಲಹೆ. ತಿಂಗಳಿಗೊಂದರಂತೆ ಓದಿ; ಪಕ್ಕದಲ್ಲಿ 'ವಂಶವೃಕ್ಷ'ವನ್ನೂ ಮತ್ತೊಮ್ಮೆ ತೆರೆಯಿರಿ. ಮನೆಯಲ್ಲಿ ಮಂಗಾ ಓದುವ ಮಗಳೋ ಮಗನೋ ಇದ್ದರೆ ಅವರಿಗೆ ಕಾತ್ಯಾಯನಿಯ ಕಥೆ ಹೇಳಿ. ಇಬ್ಬರು ವಿಧವೆಯರ ಬಗ್ಗೆ ಅವರು ಏನು ಹೇಳಿದರೆಂದು ನಮಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯ ಓಲೆ ವಿಭಾಗದಲ್ಲಿ ಅವಕ್ಕೆ ಜಾಗ ಕಾದಿರಿಸಿದ್ದೇವೆ.